‘ಆರು ಐತಿ, ಬಾ’: ಕಾಲುವೆ ಸೀಮೆಯಲ್ಲಿ ಒಂದು ಪ್ರೇಮಚಿತ್ರ ತಯಾರಾದ ಪ್ರಕರಣ

ಕೊಪ್ಪಳ–ರಾಯಚೂರು ಸೀಮೆಯಲ್ಲಿ ತೆಗೆದ ಒಂದು ಸಣ್ಣ ಬಜೆಟ್ಟಿನ ಪ್ರೇಮಚಿತ್ರದ ಪ್ರಕರಣ ಇದು. ಚಿತ್ರದ ಹೆಸರು ಹೇಳುವುದಿಲ್ಲ. ಹೇಳಿದರೆ ನಿರ್ಮಾಪಕರ ಮಿಲ್ಲು, ನಾಯಕಿಯ ಓಣಿ ಎಲ್ಲ ಗುರುತು ಸಿಕ್ಕಿಬಿಡುತ್ತವೆ. ಊರುಗಳನ್ನು ಆಚೀಚೆ ಮಾಡಿದ್ದೇನೆ, ನೆಂಟಸ್ತಿಕೆಗಳನ್ನು ಬದಲಿಸಿದ್ದೇನೆ. ತೀರ್ಮಾನಗಳನ್ನು ಮಾತ್ರ ಇದ್ದ ಹಾಗೇ ಬರೆದಿದ್ದೇನೆ. ನಾನು ಇದರಲ್ಲಿ ಸಹನಿರ್ದೇಶಕ. ಸಂಭಾಷಣೆಯಲ್ಲಿ ಅರ್ಧ ನನ್ನದು, ಹಾಗಾಗಿ ಕೆಳಗೆ ಬರುವ ತಪ್ಪುಗಳಲ್ಲೂ ಅರ್ಧ ನನ್ನವೇ.

ಕಥೆ ಹುಟ್ಟಿದ ಜಾಗ

ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆ ಮುನಿರಾಬಾದಿನಿಂದ ಹೊರಟು ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ಮಾನ್ವಿ, ಸಿರವಾರ, ರಾಯಚೂರಿನ ಕಡೆ ಹೋಗುತ್ತದೆ. ಉದ್ದ 227 ಕಿಲೋಮೀಟರ್. ಆದರೆ ದಂಡೆಯ ಮೇಲಿನ ಜನ ಕಿಲೋಮೀಟರಿನ ಲೆಕ್ಕ ಹಿಡಿದವರಲ್ಲ. ಅವರಿಗೆ ಇಂದಿಗೂ ಮೈಲೇ. ಮೈಲ್ 47, ಮೈಲ್ 69, ಮೈಲ್ 104 ಎಂದರೆ ಊರಿನ ಹೆಸರು ಹೇಳಿದಷ್ಟೇ ಸ್ಪಷ್ಟ. ಅಲ್ಲಲ್ಲಿ ಸೇತುವೆಯ ಕಂಬಕ್ಕೆ ಅಡಿ ಗುರುತು ಹಾಕಿದ ಪಟ್ಟಿ ಇರುತ್ತದೆ. ನೀರಿನ ಎತ್ತರ ತೋರಿಸುವ ಅದೇ ಗೇಜು. ಮಾನ್ವಿ, ಸಿರವಾರದ ರೈತರು ರಸ್ತೆ ತಡೆಗೆ ಕೂತಾಗ ಕೇಳುವುದು ಇಷ್ಟೇ: ಮೇಲಿನ ಮೈಲಿನಲ್ಲಿ ಗೇಜು ಇಳಿಯದಂತೆ ನಿಲ್ಲಿಸಿ, ಕಾಲುವೆಯ ಕೊನೆಭಾಗಕ್ಕೆ ನೀರು ಮುಟ್ಟಿಸಿ.

ಜಗಳ ಹಳೆಯದು. ಯೋಜನೆ ಮಾಡುವಾಗ ಈ ಕಾಲುವೆಯ ಬಹುಪಾಲು ನೀರು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ ಎಂದಿತ್ತು. 1953ರಲ್ಲಿ ನೀರು ಹರಿದ ಮೇಲೆ ಕರಾವಳಿ ಆಂಧ್ರದ ರೈತರು ಬಂದು ಜಮೀನು ಹಿಡಿದರು, ಗದ್ದೆ ಮಾಡಿದರು, ಅವರು ನೆಲೆಸಿದ ಕಡೆಯೆಲ್ಲ ‘ಕ್ಯಾಂಪ್’ ಎಂಬ ಹೆಸರಿನ ಊರುಗಳಾದವು. ಅವರನ್ನು ನೋಡಿ ನಮ್ಮವರೂ ಭತ್ತಕ್ಕೆ ಇಳಿದರು. ಮೇಲ್ಭಾಗದಲ್ಲಿ ಎರಡು ಬೆಳೆ ಭತ್ತ, ಕೊನೆಭಾಗದಲ್ಲಿ ಒಂದು ಬೆಳೆಗೂ ನೀರಿನ ದಾರಿ ಕಾಯುವುದು. ಗಂಗಾವತಿ ಸೀಮೆಯ ಅನ್ನದ ಬಟ್ಟಲಿನ ಹೆಸರಿನ ಬೆನ್ನಿಗೇ ಈ ಸಂಗತಿಯೂ ಇದೆ.

ನಮ್ಮ ಕಥೆ ಇಲ್ಲಿಂದಲೇ ಎದ್ದದ್ದು. ಮೇಲ್ಭಾಗದ ಕ್ಯಾಂಪಿನ ಹುಡುಗಿ, ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ಕೊನೆಭಾಗದ ಹುಡುಗ, ನಾಲ್ಕು ಎಕರೆ ಜಮೀನು. ಹುಡುಗಿಯ ಮನೆ ಗೇಜಿನ ಸೇತುವೆಗೆ ಹತ್ತಿರ. ಯಾವುದೋ ಕಾರಣಕ್ಕೆ ಇವನ ಹತ್ತಿರ ಅವಳ ನಂಬರು ಸೇರುತ್ತದೆ. ದಿನಾ ಬೆಳಗ್ಗೆ ಫೋನು: “ಗೇಜ್ ಎಷ್ಟೈತಿ?” ಅಲ್ಲಿಂದ ಪ್ರೀತಿ. ಎರಡೂ ಊರು ನೀರಿಗಾಗಿ ಬಡಿದಾಡುವ ಹೊತ್ತಿಗೆ ಇವರಿಬ್ಬರದು ಬೇರೆಯದೇ ಲೆಕ್ಕ ನಡೆದಿರುತ್ತದೆ.

ಕಥೆ ಕೇಳಿದವರೆಲ್ಲ ಚೆನ್ನಾಗಿದೆ ಎಂದರು. ಭತ್ತದ ವ್ಯಾಪಾರದಲ್ಲಿ ಇದ್ದ ಒಬ್ಬರು ದುಡ್ಡು ಹಾಕಲು ಒಪ್ಪಿದರು. ಅವರ ಹತ್ತಿರದ ಸಂಬಂಧಿ ಹುಡುಗ ಬೆಂಗಳೂರಿನಲ್ಲಿ ನಟನೆ ಕಲಿತಿದ್ದ, ಅವನೇ ನಾಯಕ. ನಾಯಕಿ ಧಾರಾವಾಹಿಗಳಲ್ಲಿ ಮುಖ ಗೊತ್ತಿದ್ದವಳು. ಇಪ್ಪತ್ತೆಂಟು ದಿನದ ಚಿತ್ರೀಕರಣ, 2024ರ ಆಗಸ್ಟ್ ಮಧ್ಯದಿಂದ ಶುರು. ಆಗ ನಾಟಿ ಮುಗಿದು ಗದ್ದೆ ಹಸಿರಾಗಿರುತ್ತದೆ, ಕಾಲುವೆ ತುಂಬಿರುತ್ತದೆ.

ಬೆಂಗಳೂರಿನಲ್ಲಿ ಬರೆದ ಉತ್ತರ ಕರ್ನಾಟಕ

ತೊಂದರೆಯ ಬೀಜ ಚಿತ್ರಕಥೆಯಲ್ಲೇ ಇತ್ತು, ನಮಗೆ ಕಾಣಲಿಲ್ಲ. ಸಂಭಾಷಣೆ ಬರೆದದ್ದು ವಿಜಯನಗರದ ಒಂದು ಬಾಡಿಗೆ ಮನೆಯಲ್ಲಿ. ಬೆಂಗಳೂರಿನ ವಿಜಯನಗರ, ಹಂಪಿಯದ್ದಲ್ಲ. ನಾನು ಕೊಪ್ಪಳ ಜಿಲ್ಲೆಯವನೇ, ಆದರೂ ಹನ್ನೆರಡು ವರ್ಷ ಬೆಂಗಳೂರಿನಲ್ಲಿ ಇದ್ದು ನನ್ನ ಕಿವಿಗೆ ಒಂದು ತರಹದ ‘ಸಿನಿಮಾ ಉತ್ತರ ಕರ್ನಾಟಕ’ ಹತ್ತಿಬಿಟ್ಟಿತ್ತು. ಪ್ರತಿ ವಾಕ್ಯದ ಬಾಲಕ್ಕೆ ಒಂದು ‘ರೀ’, ನಡುನಡುವೆ ‘ಯವ್ವಾ’, ಸಿಟ್ಟು ಬಂದರೆ ‘ಲೇ ಮಗನ’. ಹಾಸ್ಯಪಾತ್ರಗಳಿಗೆ ಬರೆದು ಬರೆದು ಸವೆದುಹೋದ ಮಾತು ಅದು.

ನಿಜವಾದ ಮಾತು ಊರೂರಿಗೆ ಬದಲಾಗುತ್ತದೆ. ಬಳ್ಳಾರಿ 1953ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅಲ್ಲಿನ ಕನ್ನಡದ ಮಗ್ಗುಲಿಗೆ ತೆಲುಗು. ರಾಯಚೂರು, ಆಗ ಅದರೊಳಗೇ ಇದ್ದ ಕೊಪ್ಪಳ, ನಿಜಾಮರ ಸೀಮೆ. ಇಲ್ಲಿ ಆಸ್ಪತ್ರೆಗೆ ದವಾಖಾನಿ, ನಿಜಕ್ಕೆ ಖರೇ, ಸ್ವಲ್ಪಕ್ಕೆ ಜರಾ. ಕ್ಯಾಂಪಿನ ಮಕ್ಕಳ ಕನ್ನಡ ಇನ್ನೂ ಬೇರೆ: ವಾಕ್ಯ ಕನ್ನಡದ್ದು, ಏರಿಳಿತ ಗೋದಾವರಿ ಕಡೆಯದು. ಇವೆಲ್ಲವನ್ನೂ ಒಂದೇ ಗಿರಣಿಗೆ ಹಾಕಿ ನಾವು ‘ಐತ್ರಿ’ ಎಂಬ ಹಿಟ್ಟು ಬೀಸಿದ್ದೆವು.

ಕಾರಟಗಿ ಕಡೆಯ ಒಂದು ಊರಿನಲ್ಲಿ ಸ್ಥಳ ನೋಡಲು ಹೋದಾಗ ನಾಯಕ ನಾಲ್ಕು ಸಾಲು ಹೇಳಿ ತೋರಿಸಿದ. ಚಹದ ಅಂಗಡಿಯ ಮುದುಕರೊಬ್ಬರು ಕೇಳಿದರು: “ತಮ್ಮಾ, ಯಾವ ಕಡೆಯಾವಪ್ಪಾ ನೀನು? ಧಾರವಾಡ ಕಡೆಯಾವನೇನು?” ನಾವೆಲ್ಲ ನಕ್ಕೆವು. ಅವತ್ತೇ ಅದನ್ನು ಗಂಭೀರವಾಗಿ ತೆಗೆದುಕೊಂಡಿದ್ದರೆ ಮುಂದೆ ಮೂರು ತಿಂಗಳ ಕೆಲಸ ಉಳಿಯುತ್ತಿತ್ತು.

ಬೇರೆ ವಿಷಯಗಳಲ್ಲಿ ಮಾತ್ರ ಜಾಣತನ ತೋರಿಸಿದ್ದೆವು ಎಂದು ಹೇಳಿಕೊಳ್ಳಬೇಕು. ಪ್ರಾಣಿಗಳನ್ನು ಬಳಸಿದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು. ಅದರ ಓಡಾಟಕ್ಕೆ ನಮ್ಮಲ್ಲಿ ಕೈ ಇರಲಿಲ್ಲ. ಎತ್ತಿನ ಗಾಡಿ ತೆಗೆದು ಟ್ರ್ಯಾಕ್ಟರ್ ಹಾಕಿದೆವು. ಊರಿಗೆ ಅದೇ ಹೆಚ್ಚು ಹೊಂದಿತು. ಹುಡುಗಿಯ ಅಪ್ಪ ಬೀಡಿ ಸೇದುತ್ತಿದ್ದ. ಸೇದಿದರೆ ತೆರೆಯ ಕೆಳಗೆ ಎಚ್ಚರಿಕೆಯ ಸಾಲು ಬರಬೇಕು, ಅದೂ ಅಪ್ಪ–ಮಗಳ ಅತ್ಯಂತ ಮೆತ್ತನೆಯ ದೃಶ್ಯದಲ್ಲಿ. ಬೀಡಿ ಬಿಡಿಸಿ ಕೈಗೆ ಎಲೆ–ಅಡಿಕೆ ಕೊಟ್ಟೆವು.

ಹತ್ತೊಂಬತ್ತನೇ ಗೇಟು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿ ನೀರು ಬಿಟ್ಟರು. ನದಿ ದಂಡೆಯ ಊರುಗಳಿಗೆ ಎಚ್ಚರಿಕೆ ಹೋಯಿತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಎಂದರೆ ಗೇಟಿನ ಜಾಗ ಮುಚ್ಚುವ ಉಕ್ಕಿನ ಹಲಗೆ, ಇಳಿಸುವ ಕೆಲಸಕ್ಕೆ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಿದರು. ಒಂದು ವಾರ ಈ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ಬೆಳೆ ಉಳಿಯುತ್ತದೋ ಇಲ್ಲವೋ.

ನಮ್ಮ ತಂಡದ ಸಾಮಾನಿನ ಗಾಡಿ ಆ ಹೊತ್ತಿಗೆ ಚಿತ್ರದುರ್ಗ ದಾಟಿತ್ತು. ಮುಹೂರ್ತಕ್ಕೆ ಗದ್ದೆ ಕೊಡುತ್ತೇನೆಂದಿದ್ದ ರೈತನಿಗೆ ಫೋನು ಮಾಡಿದೆ. ಅವರು ಸಿಟ್ಟು ಮಾಡಲಿಲ್ಲ. “ನಮಗ ಬೆಳಿ ಚಿಂತಿ ಹತ್ತೈತ್ರಿ. ಈ ಹೊತ್ತಿನ್ಯಾಗ ಹೊಲದಾಗ ಹಾಡು, ಡ್ಯಾನ್ಸು ಮಾಡಿದ್ರ ನೋಡಾಕ ಚೆಂದ ಕಾಣಂಗಿಲ್ಲ. ಈಗ ಬ್ಯಾಡ.” ಅಷ್ಟೇ.

ನಿರ್ದೇಶಕರ ಎದುರು ಎರಡು ದಾರಿ ಇದ್ದವು. ಮಂಡ್ಯ ಕಡೆ ಹೋಗಿ ಯಾವುದಾದರೂ ನಾಲೆಯ ಮೇಲೆ ತೆಗೆಯುವುದು. ಗದ್ದೆ ಗದ್ದೆಯೇ, ನೋಡುವವರಿಗೇನು ಗೊತ್ತಾಗುತ್ತದೆ ಎಂದು ಛಾಯಾಗ್ರಾಹಕರ ವಾದ. ಇನ್ನೊಂದು, ಕಾಯುವುದು. ಕಾದರೆ ನಾಯಕಿಯ ಡೇಟ್ಸ್ ಹೋಗುತ್ತವೆ, ಮುಂಗಡ ಕೊಟ್ಟ ಕ್ಯಾಮೆರಾ ಬಾಡಿಗೆಯಲ್ಲಿ ಒಂದು ಪಾಲು ಮುಳುಗುತ್ತದೆ. ಆ ರಾತ್ರಿ ನಿರ್ಮಾಪಕರು ಹೇಳಿದ ಮಾತು ನನಗೆ ಇನ್ನೂ ನೆನಪಿದೆ: “ಗೇಜಿನ ಪಿಚ್ಚರ್ ಮಾಡಿ ಗೇಜು ಇಲ್ಲದ ಕಡೆ ತೆಗದ್ರ, ನಮ್ಮೂರಾಗ ತಲಿ ಎತ್ತಂಗಿಲ್ಲ ನಾನು.” ಸಿನಿಮಾ ವ್ಯಾಕರಣ ಗೊತ್ತಿಲ್ಲದ ಮನುಷ್ಯ. ಆ ದಿನ ನಮ್ಮೆಲ್ಲರಿಗಿಂತ ನೆಟ್ಟಗೆ ಯೋಚಿಸಿದವರು ಅವರೇ.

ಕಾದೆವು. ಸೆಪ್ಟೆಂಬರಿನಲ್ಲಿ ಮಳೆ ಹಿಡಿದು ಜಲಾಶಯ ಮತ್ತೆ ತುಂಬಿತು. ನವೆಂಬರಿಗೆ ಚಿತ್ರೀಕರಣ ಇಟ್ಟುಕೊಂಡಾಗ ಗದ್ದೆ ಹಸಿರಿರಲಿಲ್ಲ, ಬಂಗಾರದ ಬಣ್ಣಕ್ಕೆ ತಿರುಗಿತ್ತು, ಅಲ್ಲಲ್ಲಿ ಕೊಯ್ಲಿನ ಯಂತ್ರ ಇಳಿದಿತ್ತು. ಕಥೆಯನ್ನೇ ತಿರುಗಿಸಿದೆವು. ಪ್ರೀತಿ ಶುರುವಾಗುವುದು ಸುಗ್ಗಿಯಲ್ಲಿ, ಗಟ್ಟಿಯಾಗುವುದು ಎರಡನೇ ಬೆಳೆಯ ನಾಟಿಯಲ್ಲಿ. ನಾಟಿಯ ಆರು ದಿನದ ಕೆಲಸ ಜನವರಿಗೆ ಉಳಿಯಿತು. ಎರಡನೇ ಬೆಳೆಗೆ ನೀರು ಬಿಡುವುದು ನೀರಾವರಿ ಸಲಹಾ ಸಮಿತಿಯ ತೀರ್ಮಾನ. ಆ ಸಭೆಯ ಸುದ್ದಿಗೆ ರೈತರ ಜತೆ ನಾವೂ ಪತ್ರಿಕೆ ಹಿಡಿದು ಕೂತದ್ದು ಒಂದು ತಮಾಷೆ. ಕಲಾವಿದರ ಡೇಟ್ಸಿಗೆ ಕಾಯುವ ಅಭ್ಯಾಸ ನಮಗಿತ್ತು, ಕಾಲುವೆಯ ಡೇಟ್ಸಿಗೆ ಕಾದದ್ದು ಅದೇ ಮೊದಲು.

ನಾಯಕಿ ಚಿತ್ರ ಕೈಬಿಟ್ಟಳು. ಅವಳದು ತಪ್ಪಿಲ್ಲ, ಧಾರಾವಾಹಿ ಇತ್ತು.

ಸೀಟಿ ಬೀಳುವ ಮಾತು

ನಮ್ಮ ಕಡೆ ಜಾತ್ರೆ ಬಂತೆಂದರೆ ಊರ ಹುಡುಗರೇ ಸಾಮಾಜಿಕ ನಾಟಕ ಆಡುತ್ತಾರೆ. ಗಂಡು ಪಾತ್ರಗಳು ಊರವರವು. ಹೆಣ್ಣು ಪಾತ್ರಕ್ಕೆ ಬಳ್ಳಾರಿ, ಗದಗದ ಕಡೆಯಿಂದ ನಟಿಯರನ್ನು ಕರೆಸುತ್ತಾರೆ, ಪರದೆ–ವೇದಿಕೆಗೆ ಡ್ರಾಮಾ ಸೀನ್ಸಿನವರನ್ನು. ನಟಿ ಮಧ್ಯಾಹ್ನ ಬಸ್ಸಿಳಿದು ಬರುತ್ತಾಳೆ, ಸಂಜೆ ಒಮ್ಮೆ ಪುಸ್ತಕ ತಿರುವುತ್ತಾಳೆ, ರಾತ್ರಿ ಹತ್ತಕ್ಕೆ ಬಣ್ಣ ಹಚ್ಚಿ ಬೆಳಗಿನ ಜಾವದವರೆಗೆ ಆಡಿ ಮೊದಲ ಬಸ್ಸಿಗೆ ಮುಂದಿನ ಊರಿಗೆ ಹೋಗುತ್ತಾಳೆ. ಬಳ್ಳಾರಿ ರಾಘವ, ಸುಭದ್ರಮ್ಮ ಮನ್ಸೂರರ ಊರಿಗೆ ಇಂಥ ಕಲಾವಿದರು ಹೊಸಬರಲ್ಲ. ಆದರೆ ಸಿನಿಮಾದವರು ಇವರನ್ನು ಹುಡುಕಿಕೊಂಡು ಹೋಗುವುದು ಕಡಿಮೆ.

ಹೊಸ ನಾಯಕಿಯಾಗಿ ನಮಗೆ ಸಿಕ್ಕವಳು ಅಂಥವಳೇ. ಇಪ್ಪತ್ತಾರರ ಆಸುಪಾಸು. ಸಂಡೂರು ಸೀಮೆ ಹುಟ್ಟಿದ ಊರು, ಬಳ್ಳಾರಿಯಲ್ಲಿ ಮನೆ, ಅಜ್ಜಿಯ ಕಡೆಯಿಂದ ತೆಲುಗು. ಮೊದಲ ದಿನ ಕ್ಯಾಮೆರಾ ಮುಂದೆ ನಿಲ್ಲಿಸಿದಾಗ ನಿರ್ದೇಶಕರು ತಲೆ ಹಿಡಿದುಕೊಂಡರು. ದನಿ ಕೊನೆಯ ಸಾಲಿನ ಪ್ರೇಕ್ಷಕನಿಗೆ, ಕೈ ಅದಕ್ಕಿಂತ ಆಚೆಗೆ. ಎರಡು ದಿನ ಚಿತ್ರೀಕರಣ ನಿಲ್ಲಿಸಿ ಬರೀ ಮಾತಾಡಿದರು. ಮೂರನೇ ದಿನ ಕ್ಯಾಮೆರಾವನ್ನು ಅವಳಿಂದ ಬಹಳ ದೂರ ಇಟ್ಟು, ಉದ್ದ ಲೆನ್ಸ್ ಹಾಕಿ, ಎಲ್ಲಿದೆ ಎಂದು ಹೇಳದೇ ತೆಗೆದರು. ಅಂದಿನಿಂದ ಅವಳು ತಾನಾಗಿ ದನಿ ಇಳಿಸಿದಳು. ಇದರಲ್ಲಿ ನಿರ್ದೇಶಕರ ತಾಳ್ಮೆಯನ್ನು ಮೆಚ್ಚಲೇಬೇಕು. ನಾನಾಗಿದ್ದರೆ ಬೇರೆಯವಳನ್ನು ಹುಡುಕುತ್ತಿದ್ದೆ.

ಆಮೇಲೆ ಬಂತು ಆ ದೃಶ್ಯ. ನಿಶ್ಚಯದ ಹಿಂದಿನ ರಾತ್ರಿ ಹುಡುಗಿ ಹುಡುಗನಿಗೆ ಫೋನು ಮಾಡಿ ಮನಸ್ಸು ಹೇಳಿಕೊಳ್ಳಬೇಕು. ನಾನು ಒಂದೂವರೆ ಪುಟ ಬರೆದಿದ್ದೆ. ಅದರ ನೆತ್ತಿಯ ಸಾಲು: “ನಿನ್ನ ಬಿಟ್ಟು ಬದುಕೋ ಶಕ್ತಿ ನನಗಿಲ್ಲ.” ಅವಳು ಓದಿದಳು, ಹಾಳೆ ಮಡಚಿದಳು.

“ಸರ್, ಈ ಮಾತು ನಾನು ನಾಟಕದಾಗ ನೂರು ಸಲ ಹೇಳೀನ್ರಿ. ಹೇಳಿದ್ರ ಸೀಟಿ ಬೀಳ್ತಾವು. ಆದ್ರ ಮನ್ಯಾಗ ಯಾರು ಹಿಂಗ ಮಾತಾಡ್ತಾರ?”

ಮತ್ತೆ ಏನು ಹೇಳುತ್ತಾರೆ ಎಂದೆ, ಸ್ವಲ್ಪ ಉರಿಯಿಂದಲೇ. ಅವಳು ಯೋಚಿಸಿದಳು. “ಊಟ ಆತೇನು ಅಂತಾರ. ಹುಷಾರ್ ಇಲ್ಲೇನು ಅಂತಾರ. ಇಲ್ಲಾ ಸುಳ್ಳ ಹೇಳ್ತಾರ, ಬರ್ಲಿ ಅಂತ.”

ಸುಳ್ಳು ಹೇಳುತ್ತಾರೆ! ನಿರ್ದೇಶಕರು ಅದನ್ನು ಹಿಡಿದುಕೊಂಡರು. ಅಲ್ಲೇ ಕೂತು ದೃಶ್ಯ ತಿರುಗಿ ಬರೆದೆವು. ಹುಡುಗಿ ಸೇತುವೆಯ ಮೇಲೆ ಬಗ್ಗಿ ಮೊಬೈಲಿನ ಬೆಳಕನ್ನು ಪಟ್ಟಿಯ ಮೇಲೆ ಬಿಡುತ್ತಾಳೆ. ನೀರು ಮೂರಡಿಗೂ ಕೆಳಗೆ. ಆ ಕಡೆಯಿಂದ ಹುಡುಗನ ದಿನದ ಪ್ರಶ್ನೆ, ಗೇಜ್ ಎಷ್ಟೈತಿ. ಅವಳು ಒಂದು ಉಸಿರು ತಡೆದು ಹೇಳುತ್ತಾಳೆ: “ಆರು ಐತಿ, ಬಾ.” ಆರಡಿ ಗೇಜು ಇದ್ದರೆ ಕೊನೆಭಾಗಕ್ಕೆ ನೀರು ಬಂತೆಂದೇ ಲೆಕ್ಕ, ನೀರು ತಿರುವಲು ಅವನು ರಾತ್ರೋರಾತ್ರಿ ಮೇಲಕ್ಕೆ ಬರುತ್ತಾನೆ. ಸುಳ್ಳೆಂದು ಅವನಿಗೂ ಗೊತ್ತು. ಬರುತ್ತಾನೆ. ಒಂದೂವರೆ ಪುಟ ಮೂರು ಶಬ್ದಕ್ಕೆ ಇಳಿಯಿತು.

ತೆಗೆಯುವಾಗಿನ ಪಜೀತಿ ಬೇರೆ. ನವೆಂಬರಿನಲ್ಲಿ ಮುಖ್ಯ ಕಾಲುವೆ ಮೈದುಂಬಿ ಹರಿಯುತ್ತಿತ್ತು. ಮೂರಡಿ ತೋರಿಸುವುದು ಎಲ್ಲಿಂದ? ಕಲಾ ವಿಭಾಗದ ಹುಡುಗ ಅಂಕಿಗಳನ್ನು ಮೇಲಕ್ಕೆ ಸರಿಸಿ ಒಂದು ಸುಳ್ಳು ಪಟ್ಟಿ ಬರೆದ. ಬಿಳಿ ಬಣ್ಣ, ಕರಿ ಅಂಕಿ, ಕೆಳಗೆ ಪಾಚಿ ಹತ್ತಿದಂತೆ ಹಸಿರು. ಉಪಕಾಲುವೆಯ ಸಣ್ಣ ಸೇತುವೆಯ ಕಂಬಕ್ಕೆ ತಂತಿಯಿಂದ ಬಿಗಿದೆವು. ಸಂಜೆ ಗೇಟು ನೋಡಿಕೊಳ್ಳುವ ಹಂಗಾಮಿ ಲಸ್ಕರ್ ಒಬ್ಬ ಸೈಕಲ್ಲಿನಲ್ಲಿ ಬಂದು ನಿಂತ. ಪಟ್ಟಿ ನೋಡಿದ, ನೀರು ನೋಡಿದ, ಮತ್ತೆ ಪಟ್ಟಿ ನೋಡಿದ. “ಇದ್ಯಾರ್ರಿ ಹಚ್ಚಿದ್ದು? ಯಾವ ಇಲಾಖೆದು?” ವಿಷಯ ಹೇಳಿದ ಮೇಲೂ ಅವನ ಮುಖ ಸಡಿಲಾಗಲಿಲ್ಲ. ಕೆಳಗಿನ ಊರಿನವರು ಯಾರಾದರೂ ಇದನ್ನು ಕಂಡು ಫೋಟೋ ಹೊಡೆದು ಕಳಿಸಿದರೆ ನಾಳೆ ಬೆಳಗ್ಗೆ ರಸ್ತೆ ಬಂದ್ ಆಗುತ್ತದೆ ಎಂದ. ಕೆಲಸ ಮುಗಿದು ಪಟ್ಟಿ ಬಿಚ್ಚುವವರೆಗೆ, ರಾತ್ರಿ ಒಂದೂವರೆಯವರೆಗೆ, ಸೇತುವೆಯ ತುದಿಯಲ್ಲಿ ಕಂಬಳಿ ಹೊದ್ದು ಕಾವಲು ಕೂತ. ನಮ್ಮ ಸಿನಿಮಾದ ಒಂದು ಸುಳ್ಳು ಅಂಕಿಗೆ ಅಷ್ಟು ತೂಕ ಇದೆಯೆಂದು ನಮಗೆ ತಿಳಿದದ್ದು ಅವನಿಂದ.

ಸ್ವಚ್ಛವಾದ ದನಿ

ನಮ್ಮಲ್ಲಿ ಬಹುತೇಕ ಸಣ್ಣ ಚಿತ್ರಗಳು ನಡೆಯುವುದು ಹೀಗೆ: ಚಿತ್ರೀಕರಣದಲ್ಲಿ ಪೈಲಟ್ ಧ್ವನಿ, ಎಂದರೆ ಗುರುತಿಗಷ್ಟೇ, ಆಮೇಲೆ ಸ್ಟುಡಿಯೋದಲ್ಲಿ ಡಬ್ಬಿಂಗ್. ಸ್ಥಳದ ಧ್ವನಿಯನ್ನೇ ಉಳಿಸಬೇಕೆಂದರೆ ಸದ್ದಿಲ್ಲದ ಜನರೇಟರ್ ಬೇಕು, ಹೆಚ್ಚು ದಿನ ಬೇಕು. ಗಂಗಾವತಿ ಸೀಮೆಯಲ್ಲಿ ಸುಗ್ಗಿಯ ಹೊತ್ತಿಗೆ ಮೌನ ಎಂಬುದು ಸಿಗುವುದಿಲ್ಲ. ಕೊಯ್ಲಿನ ಯಂತ್ರ, ಮಿಲ್ಲು, ಪಂಪ್‌ಸೆಟ್ಟು, ಸ್ಪೀಕರ್ ಕಟ್ಟಿಕೊಂಡು ಹೋಗುವ ಟ್ರ್ಯಾಕ್ಟರು. ಹಾಗಾಗಿ ನಾವೂ ಡಬ್ಬಿಂಗ್ ಎಂದೇ ಇದ್ದೆವು. ಧ್ವನಿಮುದ್ರಣದ ಹುಡುಗ ಮಾತ್ರ ಹಟಕ್ಕೆ ಬಿದ್ದು ಬಟ್ಟೆಗೆ ಸಿಕ್ಕಿಸುವ ಎರಡು ಲೇಪಲ್ ಮೈಕು, ಕೋಲಿನ ತುದಿಗೆ ಕಟ್ಟುವ ಒಂದು ಬೂಮ್ ಮೈಕು ತಂದು ಪೈಲಟ್ಟನ್ನೇ ಶ್ರದ್ಧೆಯಿಂದ ಮಾಡಿದ. ದಿನಕ್ಕೆ ಹೆಚ್ಚುವರಿ ಖರ್ಚು ಎಂದು ನಾನು ಅವನ ಜತೆ ಎರಡು ಸಲ ಜಗಳ ಮಾಡಿದ್ದೆ.

ಮಾರ್ಚಿನಲ್ಲಿ ಬೆಂಗಳೂರಿನ ಸ್ಟುಡಿಯೋದಲ್ಲಿ ಡಬ್ಬಿಂಗ್. ಹವಾನಿಯಂತ್ರಿತ ಕೋಣೆ, ಕಿವಿಗೆ ಹೆಡ್‌ಫೋನ್, ಎದುರಿಗೆ ತನ್ನದೇ ಮುಖ. ನಾಲ್ಕು ತಿಂಗಳಲ್ಲಿ ನಮ್ಮ ನಾಯಕಿ ಮತ್ತೆ ಹದಿನೈದು ಊರಲ್ಲಿ ನಾಟಕ ಆಡಿ ಬಂದಿದ್ದಳು, ನಾಟಕದ ಕಂಠ ಮರಳಿತ್ತು. “ಆರು ಐತಿ, ಬಾ” ಎಂಬುದನ್ನು ಎಷ್ಟು ಸಲ ಹೇಳಿಸಿದೆವೋ ಲೆಕ್ಕವಿಲ್ಲ. ತುಟಿ ಕೂಡುತ್ತಿತ್ತು, ಜೀವ ಕೂಡುತ್ತಿರಲಿಲ್ಲ. ಸೇತುವೆಯ ಮೇಲೆ ಆ ‘ಬಾ’ ಹೇಳುವಾಗ ಅವಳು ಉಗುಳು ನುಂಗಿದ್ದಳು, ಶಬ್ದ ಅರ್ಧ ಒಳಗೇ ಉಳಿದಿತ್ತು. ಸ್ಟುಡಿಯೋದ ‘ಬಾ’ ತುಂಬಾ ಶುದ್ಧ, ಕನ್ನಡ ಮಾಸ್ತರು ಕೊಟ್ಟ ಉಕ್ತಲೇಖನದಂತೆ.

ಪೈಲಟ್ ಹಾಕಿ ಕೇಳಿದೆವು. ದೂರದ ಪಂಪಿನ ಗುಡುಗುಡು, ನೀರಿನ ಸದ್ದು, ಆ ಲಸ್ಕರ್ ಒಮ್ಮೆ ಕೆಮ್ಮಿದ್ದು. ಅದರ ನಡುವೆ ಅವಳ ದನಿ. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಧ್ವನಿ ವಿನ್ಯಾಸಕರೇ ಮೊದಲು ಬಾಯಿಬಿಟ್ಟರು. ಇದೊಂದು ದೃಶ್ಯ ಪೈಲಟ್ ಇಟ್ಟು ಉಳಿದದ್ದು ಡಬ್ಬಿಂಗ್ ಆದರೆ ಕಿವಿಗೆ ಕಲ್ಲು ಸಿಕ್ಕಂತಾಗುತ್ತದೆ, ಹೊಲಿಗೆ ಕಾಣುತ್ತದೆ ಎಂದರು. ಸರಿಯಾದ ಮಾತೇ.

ಮೂರು ತೀರ್ಮಾನಗಳಾದವು. ಮೊದಲನೆಯದು, ಆ ದೃಶ್ಯ ಇದ್ದ ಹಾಗೇ ಇರಲಿ, ಕೆಮ್ಮು ಮಾತ್ರ ತೆಗೆಯೋಣ. ಎರಡನೆಯದು, ಉಳಿದ ದೃಶ್ಯಗಳಿಗೂ ಅಲ್ಲಿಯದೇ ಸದ್ದು ತರೋಣ. ಇಲ್ಲಿ ಕಾಲುವೆ ಮತ್ತೆ ನಮ್ಮನ್ನು ಓಡಿಸಿತು. ಎರಡನೇ ಬೆಳೆ ಮುಗಿಯುತ್ತ ಬಂದಿತ್ತು. ನೀರು ನಿಲ್ಲಿಸಿದರೆ ಜುಲೈವರೆಗೆ ಕಾಲುವೆ ಒಣ ಹಳ್ಳ. ಧ್ವನಿಮುದ್ರಣದ ಹುಡುಗ ಆ ರಾತ್ರಿಯೇ ಬಸ್ಸು ಹತ್ತಿದ. ಎರಡು ರಾತ್ರಿ ಕಾಲುವೆಯ ತಳ ತಗ್ಗಿಗಿಳಿಯುವ ಡ್ರಾಪಿನ ಕೆಳಗೆ ಕೂತು ನೀರು ಧುಮುಕುವುದು, ಸೇತುವೆಯ ಕೆಳಗೆ ಸುತ್ತಿ ಹೋಗುವುದು, ಗೇಟಿನ ಸಂದಿಯಿಂದ ಚಿಮ್ಮುವುದು ಎಲ್ಲ ಬೇರೆ ಬೇರೆ ಮುದ್ರಿಸಿಕೊಂಡ. ಚಿತ್ರೀಕರಣದ ವೇಳೆ ಪ್ರತಿ ಜಾಗದಲ್ಲೂ ಒಂದು ನಿಮಿಷ ಎಲ್ಲರೂ ಸುಮ್ಮನೆ ನಿಂತು ಬರೀ ಜಾಗದ ಸದ್ದು ಹಿಡಿಯಬೇಕಿತ್ತು. ಅವನು ದಿನಾ ಕೇಳಿದ್ದ, ಹೊತ್ತಾಯಿತೆಂದು ನಾನೇ ಬಿಡಿಸಿದ್ದೆ. ಆ ನಿಮಿಷಗಳ ಬೆಲೆ ಕೊನೆಗೆ ಎರಡು ರಾತ್ರಿ, ಎರಡು ಬಸ್ ಟಿಕೆಟ್ ಮತ್ತು ಅವನ ಜ್ವರ.

ಮೂರನೆಯದು, ಅವಳ ಉಳಿದ ಡಬ್ಬಿಂಗ್ ಸ್ಟುಡಿಯೋದಲ್ಲಿ ಬೇಡ. ಗಂಗಾವತಿಯ ಒಂದು ಲಾಡ್ಜಿನ ಮೂಲೆಯ ಕೋಣೆ ಹಿಡಿದು, ಗೋಡೆಗೆಲ್ಲ ದುಪ್ಪಟಿ, ಕಂಬಳಿ ತೂಗಿಬಿಟ್ಟೆವು. ಏಪ್ರಿಲ್ ತಿಂಗಳು, ಬಿಸಿಲು ನಲವತ್ತು ಡಿಗ್ರಿಯ ಆಸುಪಾಸು. ಫ್ಯಾನು, ಎಸಿ ಯಾವುದೂ ಹಾಕುವಂತಿಲ್ಲ. ರಾತ್ರಿ ಎರಡರಿಂದ ಐದರವರೆಗೆ ಕೆಲಸ, ಆಮೇಲೆ ಮೊದಲ ಬಸ್ಸುಗಳ ಹಾರ್ನ್ ಶುರು. ಹೆಡ್‌ಫೋನ್ ತೆಗೆಸಿ ಎದುರಿಗೊಬ್ಬನನ್ನು ಕೂರಿಸಿದೆವು, ಅವನ ಜತೆ ಮಾತಾಡಿದಂತೆ ಹೇಳಬೇಕು. ಬೆವರು ಒರೆಸಿಕೊಳ್ಳುತ್ತ, ನಡುನಡುವೆ ನೀರು ಕುಡಿಯುತ್ತ ಐದು ರಾತ್ರಿ. ತುಟಿ ಅಲ್ಲಲ್ಲಿ ಕೂಡಲಿಲ್ಲ. ಇರಲಿ ಎಂದು ಬಿಟ್ಟೆವು.

ಎದುರಿಗೆ ಕೂತವನು ನಾಯಕನಲ್ಲ. ಮಾನ್ವಿ ಕಡೆಯ ಒಬ್ಬ ಹುಡುಗ, ನಮ್ಮ ಪ್ರೊಡಕ್ಷನ್ನಿನಲ್ಲಿ ಊಟದ ಉಸ್ತುವಾರಿಗಿದ್ದವನು. ಮೂರನೇ ರಾತ್ರಿಯ ಹೊತ್ತಿಗೆ ಇವನ ದನಿಯೇ ನಾಯಕನಿಗೆ ಹೊಂದುತ್ತದೆ ಎಂಬುದು ಎಲ್ಲರಿಗೂ ಗೊತ್ತಾಗಿತ್ತು, ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ ನಿರ್ದೇಶಕರು ನಿರ್ಮಾಪಕರ ಮನೆಗೆ ಹೋಗಿ ಎರಡೂ ದನಿ ಕೇಳಿಸಿದರು. ಅವರು ಕಣ್ಣುಮುಚ್ಚಿ ಕೇಳಿ, “ಎರಡನೇದಾವ ನಮ್ಮ ಕಡೆಯಾವ” ಎಂದರು. ನಾಯಕನ ಮುಖಕ್ಕೆ ಬೇರೆಯವನ ದನಿ ಕೂತಿತು. ನಾಯಕ ಪ್ರಚಾರಕ್ಕೆ ಬರಲಿಲ್ಲ. ಚಿತ್ರಕ್ಕೆ ಒಳ್ಳೆಯದಾಯಿತು. ಆದರೆ ಅವನಿಗೆ ನಾವು ಅದನ್ನು ತಿಳಿಸಿದ್ದು ಫೋನಿನಲ್ಲಿ, ಕೆಲಸ ಮುಗಿದ ಮೇಲೆ. ಅದು ನ್ಯಾಯವಲ್ಲ. ಮೊದಲ ತಿಂಗಳೇ ಅವನನ್ನು ಮಾನ್ವಿಯಲ್ಲಿ ಇಪ್ಪತ್ತು ದಿನ ಬಿಟ್ಟಿದ್ದರೆ ಈ ಮಾತೇ ಬರುತ್ತಿರಲಿಲ್ಲ ಎಂದು ಈಗಲೂ ಅನ್ನಿಸುತ್ತದೆ.

ಬೆಂಗಳೂರಿನಲ್ಲಿ ಮೌನ, ಸಿಂಧನೂರಿನಲ್ಲಿ ಸೀಟಿ

ಸೆನ್ಸಾರ್ ಸುಸೂತ್ರ. ಯುಎ ಪ್ರಮಾಣಪತ್ರವನ್ನು 7, 13, 16 ಎಂದು ವಯಸ್ಸಿನ ಮೇಲೆ ಒಡೆದ ಹೊಸ ಪದ್ಧತಿಯಲ್ಲಿ ನಮಗೆ ನಡುವಿನದು ಸಿಕ್ಕಿತು.

ಬಿಡುಗಡೆಗೆ ಮುನ್ನ ಬೆಂಗಳೂರಿನಲ್ಲಿ ಮೂವತ್ತು ಜನಕ್ಕೆ ಚಿತ್ರ ತೋರಿಸಿದೆವು. ‘ಆರು ಐತಿ, ಬಾ’ ಬಂತು, ಹೋಯಿತು. ಯಾರೂ ಅಲುಗಾಡಲಿಲ್ಲ. ಆಮೇಲೆ ಕೇಳಿದರೆ, ಆರು ಎಂದರೆ ಗಂಟೆ ಆರು ಅಂದುಕೊಂಡೆವು ಎಂದವರು ಇಬ್ಬರು. ಹಂಚಿಕೆದಾರರು ಪಟ್ಟು ಹಿಡಿದರು: ಆ ಮಾತು ತೆಗೆಯಿರಿ, ಇಲ್ಲವೇ ವಿವರಿಸಿ. ಹಳೆಯ ಒಂದೂವರೆ ಪುಟವನ್ನೇ ಡಬ್ಬಿಂಗಿನಲ್ಲಿ ತುರುಕಬಹುದು ಎಂಬ ಸಲಹೆಯೂ ಬಂತು. ನಾವು ಒಂದು ಹೆಜ್ಜೆ ಹಿಂದೆ ಹೋದೆವು. ಚಿತ್ರದ ಮೊದಲ ಐದು ನಿಮಿಷದಲ್ಲಿ ಕೊನೆಭಾಗದ ಚಹದಂಗಡಿಯ ಒಂದು ದೃಶ್ಯ ಹೊಸದಾಗಿ ತೆಗೆದೆವು. ಆರಾದರೆ ನೀರು ಬರುತ್ತೆ, ಐದಾದರೆ ಕೆಸರು ಬರುತ್ತೆ, ನಾಲ್ಕಾದರೆ ಪೊಲೀಸರು ಬರ್ತಾರೆ ಎಂದು ಒಬ್ಬ ಮುದುಕ ಬೆರಳು ಮಡಚಿ ಎಣಿಸುತ್ತಾನೆ. ನಲವತ್ತು ಸೆಕೆಂಡು. ವಿವರಣೆ ಅನ್ನಿಸಬಾರದು, ತಮಾಷೆ ಅನ್ನಿಸಬೇಕು. ಆ ಮುದುಕ ಬೇರೆ ಯಾರೂ ಅಲ್ಲ, ನಾಯಕನನ್ನು ‘ಧಾರವಾಡದವನೇನು’ ಎಂದು ಕೇಳಿದವರೇ.

ಚಿತ್ರಮಂದಿರದ ಲೆಕ್ಕ ಈ ಸೀಮೆಯಲ್ಲಿ ಬೇರೆಯೇ. ಬಳ್ಳಾರಿ, ಗಂಗಾವತಿ, ಸಿಂಧನೂರು, ರಾಯಚೂರು ಎಲ್ಲ ಕಡೆ ತೆಲುಗು ಚಿತ್ರಗಳಿಗೆ ಗಟ್ಟಿ ಮಾರುಕಟ್ಟೆ. ದೊಡ್ಡ ತೆಲುಗು ಚಿತ್ರ ಬಂದ ವಾರ ಸಣ್ಣ ಕನ್ನಡ ಚಿತ್ರಕ್ಕೆ ಬೆಳಗಿನ ಆಟ ಸಿಕ್ಕರೆ ಪುಣ್ಯ. ಸುಗ್ಗಿ ಮುಗಿದು ರೈತರ ಕೈಗೆ ದುಡ್ಡು ಬರುವ ಡಿಸೆಂಬರ್‌ವರೆಗೆ ಕಾಯೋಣ ಎಂದು ನಾನು, ಬಡ್ಡಿ ಬೆಳೆಯುತ್ತಿದೆ ಎಂದು ನಿರ್ಮಾಪಕರು. ಶ್ರಾವಣದಲ್ಲಿ, ನಾಟಿಯ ನಡುವೆ, ಎಲ್ಲರ ಕಿಸೆ ಖಾಲಿ ಇದ್ದಾಗ ಬಿಡುಗಡೆಯಾಯಿತು. ನಮ್ಮ ತೀರ್ಮಾನಗಳಲ್ಲಿ ಅತ್ಯಂತ ಕೆಟ್ಟದ್ದು ಇದೇ.

ಬೆಂಗಳೂರಿನಲ್ಲಿ ಒಂದು ವಾರಕ್ಕೆ ಎತ್ತಿದರು. ಸಿಂಧನೂರು, ಮಾನ್ವಿಯಲ್ಲಿ ಮೂರು ವಾರ, ಮ್ಯಾಟಿನಿ ಮಾತ್ರ. ಸಿಂಧನೂರಿನಲ್ಲಿ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಅವಳು ಟಾರ್ಚು ಬಿಟ್ಟಾಗ ಪಟ್ಟಿಯ ಮೇಲೆ ಮೂರರ ಅಂಕಿ ಕಂಡಿತು. ಯಾರೋ ಒಬ್ಬ ಕತ್ತಲಲ್ಲಿ, “ಹೇಳಬ್ಯಾಡವ್ವಾ, ಬರಂಗಿಲ್ಲ ಅವಾ” ಅಂದ. ಅವಳು ಆರು ಅಂದಳು. ಮೊದಲು ನಗೆ, ಆಮೇಲೆ ‘ಬಾ’ ಎಂದಾಗ ಸೀಟಿ, ಕುರ್ಚಿ ಬಡಿಯುವ ಸದ್ದು. ಸೀಟಿ ಬೀಳುವ ಮಾತನ್ನು ತೆಗೆದುಹಾಕಿಸಿದ್ದೇ ಅವಳು. ಸೀಟಿ ಬಿದ್ದದ್ದು ಬದಲಿಗೆ ಬಂದ ಮಾತಿಗೆ.

ಹಾಕಿದ ದುಡ್ಡಿನಲ್ಲಿ ಅರ್ಧಕ್ಕಿಂತ ಕಡಿಮೆ ಮರಳಿತು. ಸರ್ಕಾರದ ಸಹಾಯಧನಕ್ಕೆ ಅರ್ಜಿ ಹಾಕಿದ್ದೇವೆ. ಟಿವಿ ಹಕ್ಕಿನ ಮಾತು ಎರಡು ಸಲ ಹತ್ತಿರ ಬಂದು ಸರಿಯಿತು. ನಿರ್ಮಾಪಕರು ಈಗ ಇನ್ನೊಂದು ಕಥೆ ಕೇಳುತ್ತಿದ್ದಾರೆ. ಈ ಸಲ ಬರೆಯುವ ಕೆಲಸ ಗಂಗಾವತಿಯಲ್ಲೇ. ಕರಡು ಮುಗಿದ ಕೂಡಲೇ ಕ್ಯಾಮೆರಾದವರಿಗಿಂತ ಮೊದಲು ಧ್ವನಿಯ ಹುಡುಗನನ್ನು ಕರೆಸಬೇಕು, ನಟರು ಸಂಭಾಷಣೆಯನ್ನು ಆ ಊರಿನವರ ಎದುರು ಗಟ್ಟಿಯಾಗಿ ಓದಬೇಕು, ನಕ್ಕರೆ ಯಾಕೆ ನಕ್ಕರು ಎಂದು ಕೇಳಬೇಕು. ಇಷ್ಟನ್ನು ನಿರ್ದೇಶಕರು ಒಪ್ಪಂದದ ಕಾಗದದಲ್ಲೇ ಬರೆಸಿದ್ದಾರೆ. ಆ ಗೇಜಿನ ಹಾಗೆ ಕಥೆಯೊಳಗೇ ಬೆಳೆದ ಒಂದು ವಸ್ತು ಸಿಗುವವರೆಗೆ ಪ್ರೀತಿಯ ದೃಶ್ಯ ಬರೆಯುವುದಿಲ್ಲ ಎಂಬುದು ನಾನು ನನಗೇ ಹಾಕಿಕೊಂಡ ಕರಾರು.

ಒಂದು ಲೆಕ್ಕ ಮಾತ್ರ ನಾವು ಯಾರೂ ಹಾಕಿರಲಿಲ್ಲ. ಈಚೆಗೆ ನಾಯಕಿಗೆ ಫೋನು ಮಾಡಿದ್ದೆ. ಜಾತ್ರೆಯ ಸೀಜನ್ ಹೇಗಿದೆ ಎಂದು ಕೇಳಿದೆ. ಹೋದ ವರ್ಷದ ಅರ್ಧದಷ್ಟೂ ನಾಟಕ ಇಲ್ಲವಂತೆ. ಪಿಚ್ಚರ್ ಮಾಡಿದವಳು, ರೇಟು ಜಾಸ್ತಿ ಕೇಳುತ್ತಾಳೆ ಎಂದು ಊರಿನವರು ಕೇಳುವುದಕ್ಕೇ ಹೋಗುತ್ತಿಲ್ಲ. “ನಾನೇನು ಜಾಸ್ತಿ ಕೇಳಿಲ್ರಿ ಸರ್, ಕೇಳೋರ ಬರವಲ್ರು” ಎಂದಳು. ಹೊಸ ಚಿತ್ರ ಶುರುವಾಗುವುದು ಇನ್ನೂ ಎಂಟು ತಿಂಗಳಿಗೆ. ಅಲ್ಲಿಯವರೆಗೆ ಏನು ಮಾಡುತ್ತಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅವಳೇ ಕೇಳಿದಳು: “ಊಟ ಆತೇನ್ರಿ?”